ನೀರು ಅಂಟದ ಕೃಷ್ಣ

ಮೊದಲನೆಯ ಉದ್ಧರಣೆ ಹಾಲು ಕೃಷ್ಣನ ನೆತ್ತಿಯ ಮೇಲೆ ಬಿದ್ದದ್ದೇ ತಡ, ಮುತ್ತುಮುತ್ತಾಗಿ ಒಡೆದು, ಬೆನ್ನ ಮೇಲಿಂದ ಉರುಳಿ, ಹರಿವಾಣದೊಳಗೆ ಹೋಗಿ ಕೂತಿತು. ಹಿತ್ತಾಳೆಯ ಮೇಲೆ ಹಾಲಿನ ಒಂದು ಗೆರೆಯೂ ಉಳಿಯಲಿಲ್ಲ. ಒಂದು ಕೈಯಲ್ಲಿ ಬೆಣ್ಣೆಯುಂಡೆ ಹಿಡಿದು ಅಂಬೆಗಾಲಿಟ್ಟ ಕೃಷ್ಣ ಈಗಷ್ಟೇ ಅಂಗಡಿಯಿಂದ ಬಂದವನ ಹಾಗೆ ಹೊಳೆಯುತ್ತಿದ್ದ.

"ಅಯ್ಯೋ ನೋಡ್ರೀ, ಹಾಲು ಅಂಟ್ತಾನೇ ಇಲ್ಲ!" ಸೋಫಾದ ಮೇಲಿದ್ದ ಆಂಟಿಯೊಬ್ಬರು ಎದ್ದೇ ನಿಂತರು. ಕೂತವರ ತಲೆಗಳ ಮೇಲೆ ಐದಾರು ಫೋನುಗಳು ಎದ್ದವು.

"ಭಟ್ರೇ, ಇನ್ನೊಂದ್ಸಲ ಹಾಕಿ ಪ್ಲೀಸ್. ಸ್ಲೋ ಮೋಷನ್‌ನಲ್ಲಿ ತೊಗೋತೀನಿ," ಎಂದ ಪ್ರತಾಪ್. ಹೆಂಡತಿಯ ಸೀಮಂತಕ್ಕೆ ಮಣೆಯ ಮೇಲೆ ಪಂಚೆ ಉಟ್ಟು ಕೂತಿದ್ದರೂ ಫೋನು ಮಾತ್ರ ಅವನ ಕೈ ಬಿಟ್ಟಿರಲಿಲ್ಲ.

"ದೇವರ ಹತ್ರ ರೀಟೇಕ್ ಇಲ್ಲಪ್ಪ," ಎಂದರು ತ್ಯಾಗರಾಜ ಭಟ್ಟರು. ಹಾಗೆಂದವರು ಎರಡನೆಯ ಉದ್ಧರಣೆಯನ್ನು ಮಾತ್ರ ಸ್ವಲ್ಪ ಎತ್ತರದಿಂದ, ಸ್ವಲ್ಪ ನಿಧಾನವಾಗಿಯೇ ಹಾಕಿದರು.

"ಪವಾಡ ಗಿವಾಡ ಏನಲ್ಲ ಕಣ್ರೀ," ಎಂದು ರಾಜಲಕ್ಷ್ಮಿ ನಗುತ್ತಾ ಎಲ್ಲರ ಕಡೆ ತಿರುಗಿದರು. "ನಮ್ಮ ಹರಿಣಿ ಕೆಲಸ. ನ್ಯಾನೋ ಅಂತೆ. ಅವಳ ಲ್ಯಾಬ್‌ದು. ಮೂರು ವಾರ ಆಯ್ತು ನಾನು ಹುಣಿಸೇಹಣ್ಣು ಮುಟ್ಟಿ. ಇಪ್ಪತ್ತು ವರ್ಷ ತಿಕ್ಕಿದ್ದೇ ತಿಕ್ಕಿದ್ದು, ಈಗ ನೋಡಿ! ಹರಿಣೀ, ಎಲ್ಲೋದೆ? ಮೊಸರು ತಾಮ್ಮ."

ಮೂವತ್ತು ಜನ ಒಟ್ಟಿಗೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಹರಿಣಿ ಮೊಸರಿನ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಕಾಲು ಗಂಟೆಯಿಂದ ಆ ಬಟ್ಟಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ, ಅದನ್ನು ಕೊಡದೆ ಇರುವುದಕ್ಕೆ ಏನಾದರೊಂದು ನೆಪ ಹುಡುಕುತ್ತಿದ್ದಳು. ಬಟ್ಟಲು ಕೈಜಾರಿ ಬೀಳಲಿ ಎಂದುಕೊಂಡಳು, ಬೀಳಲಿಲ್ಲ. ಅಷ್ಟು ಕಣ್ಣುಗಳ ಎದುರಿಗೆ ಅವಳ ಕಾಲು ತಾನಾಗಿ ನಡೆಯಿತು, ಕೈ ತಾನಾಗಿ ಚಾಚಿತು. ಭಟ್ಟರು ಬಟ್ಟಲು ತೆಗೆದುಕೊಂಡು ಮಂತ್ರ ಮುಂದುವರಿಸಿದರು. ಹುಳಿ ಮೊಸರು ಕೃಷ್ಣನ ಭುಜದಿಂದ ಗಟ್ಟಿಗಟ್ಟಿಯಾಗಿ ಜಾರಿತು. ಹರಿಣಿ ಹಿಂದೆ ಸರಿದು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು.

ಅಮೆರಿಕದ ಷಾರ್ಲೆಟ್‌ನ ದಕ್ಷಿಣಕ್ಕೆ, ಬ್ಯಾಲಂಟೈನ್‌ನ ಈ ಮನೆ ಅವಳ ಸೋದರತ್ತೆ ರಾಜಲಕ್ಷ್ಮಿಯದು. ಓದು ಮುಗಿಸಿ, ರಾಕ್ ಹಿಲ್ ಕಡೆಯ ಹಳೇ ಹತ್ತಿ ಗಿರಣಿಯೊಂದರಲ್ಲಿ ಹೊಸದಾಗಿ ಶುರುವಾಗಿದ್ದ ಸಣ್ಣ ಕಂಪನಿಗೆ ಸೇರಿದಾಗ, "ರೂಮು ಗೀಮು ಅಂತ ಯಾಕೆ, ಮನೇಲಿರು," ಎಂದು ಅತ್ತೆಯೇ ಕರೆದುಕೊಂಡು ಬಂದಿದ್ದರು. ಹರಿಣಿ ಮನೆಯಲ್ಲಿದ್ದಾಳೆಂದು ತಿಳಿಯಬೇಕಾದರೆ ಬಾಗಿಲ ಬಳಿ ಅವಳ ಚಪ್ಪಲಿ ನೋಡಬೇಕು ಎಂದು ಮುರಳೀಧರ ಮಾವ ತಮಾಷೆ ಮಾಡುತ್ತಿದ್ದರು. ಹೇಳಬೇಕಾದದ್ದನ್ನೆಲ್ಲ ಅವಳು ಡೈರಿಗೆ ಹೇಳಿಕೊಳ್ಳುತ್ತಿದ್ದಳು. ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಒಬ್ಬಳ ಜೊತೆಗೆ: ಅತ್ತೆಯ ಮಗ ಪ್ರತಾಪನ ಹೆಂಡತಿ ಆರತಿಯ ಜೊತೆಗೆ.

ಕಂಪನಿ ಮಾಡುತ್ತಿದ್ದದ್ದು ನಲ್ಲಿಗಳಿಗೆ, ಬಾಗಿಲ ಹಿಡಿಗಳಿಗೆ ಹಚ್ಚುವ ಲೇಪ. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳ್ಳಗಿನ ಪದರ. ಅದರೊಳಗೆ ಕಣ್ಣಿಗೆ ಕಾಣದ ಬೆಳ್ಳಿಯ ಕಣಗಳು. ನೀರು ಅಂಟದು, ಬೆರಳಚ್ಚು ಮೂಡದು, ಕಿಲುಬು ಹಿಡಿಯದು, ಕ್ರಿಮಿ ಬದುಕದು. ಹರಿಣಿಗೆ ಆ ಲೇಪದ ಮೇಲೆ ಮೋಹವೇ ಇತ್ತು. ಹಿತ್ತಾಳೆಯ ಪಟ್ಟಿಯ ಮೇಲೆ ನೀರಿನ ಹನಿ ಗೋಲಿಯಾಗಿ ಓಡಾಡುವುದನ್ನು ಕೆಲಸದ ನಡುವೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದಳು. ಅಷ್ಟರಲ್ಲಿ ಅತ್ತೆಯ ಬಲಗೈ ಮಣಿಕಟ್ಟಿಗೆ ಆಪರೇಷನ್ ಆಯಿತು. ಡಾಕ್ಟರು ತಿಕ್ಕುವ ಕೆಲಸ ಮಾಡಕೂಡದು ಎಂದರು. ಅತ್ತೆ ಎಡಗೈಯಲ್ಲಿ ಹುಣಿಸೇಹಣ್ಣಿನ ಉಂಡೆ ಹಿಡಿದು ಕೃಷ್ಣನನ್ನು ತಿಕ್ಕುತ್ತಾ ತುಟಿ ಕಚ್ಚಿಕೊಂಡಿದ್ದು ಹರಿಣಿಯ ಕಣ್ಣಿಗೆ ಬಿತ್ತು. ಮರುದಿನ ಲ್ಯಾಬಿನಿಂದ ಹೆಬ್ಬೆರಳಿನಷ್ಟು ಎತ್ತರದ ಶೀಶೆಯೊಂದು ಅವಳ ಕೈಚೀಲದಲ್ಲಿ ಮನೆಗೆ ಬಂತು. ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಲೂ ಇರಲಿಲ್ಲ.

ಲೇಪ ಹಚ್ಚಿದ ಮೇಲೆ ಹದವಾಗಿ ಕಾಯಿಸಬೇಕಿತ್ತು. "ಓವನ್ನಲ್ಲಾ? ಪ್ರತಾಪ ಬಂದಾಗೆಲ್ಲ ಅದರಲ್ಲಿ ಮೊಟ್ಟೆ ಹಾಕಿದ ಕೇಕ್ ಮಾಡ್ತಾನೆ ಕಣೇ!" ಎಂದು ಅತ್ತೆ ಗಾಬರಿಯಾದರು. ಓವನ್ನನ್ನು ಮೂರು ಸಲ ತೊಳೆದು, ಗಂಜಲ ಸಿಗದ ಊರಲ್ಲಿ ಅರಿಶಿನದ ನೀರು ಚಿಮುಕಿಸಿ, ಆಮೇಲೆ ಕೃಷ್ಣನನ್ನು ಒಳಗಿಟ್ಟದ್ದಾಯಿತು. ಗಾಜಿನ ಬಾಗಿಲ ಹಿಂದೆ, ದೀಪದ ಬೆಳಕಿನಲ್ಲಿ ಅಂಬೆಗಾಲಿಟ್ಟುಕೊಂಡು ಕೂತ ದೇವರನ್ನು ನೋಡಿ ಅತ್ತೆ ಸೊಸೆ ಇಬ್ಬರೂ ನಕ್ಕೂ ನಕ್ಕೂ ಸುಸ್ತಾಗಿದ್ದರು. ಅಷ್ಟು ಜೋರಾಗಿ ಆ ಮನೆಯಲ್ಲಿ ಹರಿಣಿ ನಕ್ಕದ್ದು ಅದೇ ಮೊದಲು.

ಅದಾದ ಮೂರು ಶುಕ್ರವಾರವೂ ಪಂಚಾಮೃತದ ಅಭಿಷೇಕ ನಡೆಯಿತು. ಮೂರು ಶುಕ್ರವಾರವೂ ಆರತಿ ಆಫೀಸಿನಿಂದ ನೇರವಾಗಿ ಇಲ್ಲಿಗೆ ಬಂದು ತೀರ್ಥ ತೆಗೆದುಕೊಂಡಳು. ಏಳು ತಿಂಗಳ ಬಸುರಿಗೆ ಕಾಫಿ ಸೇರುತ್ತಿರಲಿಲ್ಲ, ಸಾರಿನ ವಾಸನೆ ಆಗುತ್ತಿರಲಿಲ್ಲ. ಜೇನುತುಪ್ಪ, ಏಲಕ್ಕಿ ಬೆರೆತ ಈ ಹಾಲುಮೊಸರು ಮಾತ್ರ ಬೇಕು. "ಇದೇ ನನ್ನ ಕ್ರೇವಿಂಗ್ ಕಣೇ ಹರಿಣಿ," ಎಂದು ಮೂರು ಉದ್ಧರಣೆಯ ಮೇಲೆ ನಾಲ್ಕನೆಯದನ್ನೂ ಹಾಕಿಸಿಕೊಂಡು ಅಂಗೈ ನೆಕ್ಕುತ್ತಿದ್ದಳು.

ಲೇಪಕ್ಕೆ ಏನೇನು ತಾಗಿದರೆ ಏನಾಗುತ್ತದೆಂದು ನೋಡಲು ಲ್ಯಾಬಿನಲ್ಲಿ ಒಂದು ಪಟ್ಟಿ ಇತ್ತು. ಸೋಪು, ಟೂತ್‌ಪೇಸ್ಟು, ಕಾಫಿ, ಕೆಚಪ್, ಬ್ಲೀಚ್ ಎಲ್ಲ ಇದ್ದವು. ಮೊಸರು ಇರಲಿಲ್ಲ. ಲೋಹದ ಮೇಲೆ ಮೊಸರು ಸುರಿದು, ಅದನ್ನು ಮತ್ತೆ ಕೂಡಿಸಿ ಕುಡಿಯುವ ಜನ ಭೂಮಿಯ ಮೇಲಿದ್ದಾರೆಂದು ಆ ಪಟ್ಟಿ ಬರೆದವರಿಗೆ ಹೊಳೆಯುವುದಾದರೂ ಹೇಗೆ? ಹಾಗೆ ಕುಡಿದೇ ಬೆಳೆದ ಹರಿಣಿಗೂ ಹೊಳೆದಿರಲಿಲ್ಲ. ಮೊನ್ನೆ ಗುರುವಾರ ಬೆಳಿಗ್ಗೆ ಅತ್ತೆ ಫ್ರಿಜ್ಜಿನೊಳಗೆ ತಲೆ ಹಾಕಿ, "ಮೊಸರು ಹುಳಿ ಬಂದ್ಬಿಟ್ಟಿದೆ, ಪರವಾಗಿಲ್ಲ, ಸೀಮಂತದ ಅಭಿಷೇಕಕ್ಕೆ ಆಗತ್ತೆ," ಎಂದರು. ಚಪ್ಪಲಿ ಮೆಟ್ಟುತ್ತಿದ್ದ ಹರಿಣಿ ಒಂದು ಕಾಲಿನ ಮೇಲೆ ಹಾಗೇ ನಿಂತುಬಿಟ್ಟಳು.

ಅವತ್ತೇ ಒಂದು ಚಮಚ ಮೊಸರನ್ನು ಲ್ಯಾಬಿಗೆ ಒಯ್ದು, ಲೇಪದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿಟ್ಟಳು. ಶುಕ್ರವಾರ ಸಂಜೆ ತೆಗೆದು ನೋಡಿದರೆ ಪಟ್ಟಿಯ ಮೇಲೆ ನೀರಿನ ಹನಿ ಗೋಲಿಯಾಗಲಿಲ್ಲ, ಅಂಟಿಕೊಂಡು ಹರಡಿತು. ಮೊಸರಿನ ತಿಳಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪದರ ಎಲ್ಲೂ ಮಾಯವಾಗಿರಲಿಲ್ಲ. ಮೊಸರಿಗೆ ಇಳಿದಿತ್ತು, ಅಷ್ಟೆ.

ಲ್ಯಾಬಿನ ಮೇಲ್ವಿಚಾರಕಿ ಮಿಸ್ ಲೊರೇನ್ ಕೋಟು ಹಾಕಿಕೊಂಡು ಹೊರಡುತ್ತಿದ್ದಳು. ಇದು ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಹರಿಣಿ ಕೇಳಿದಳು. ಅದು ನಲ್ಲಿಗೆ ಹಚ್ಚುವುದು ಕಣಮ್ಮ, ನಲ್ಲಿಯನ್ನು ಯಾರು ನೆಕ್ಕುತ್ತಾರೆ, ನಾವು ಅದನ್ನೆಲ್ಲ ನೋಡಿಲ್ಲ ಎಂದಳು ಲೊರೇನ್. ಬಾಗಿಲವರೆಗೆ ಹೋದವಳು ತಿರುಗಿ, ಯಾಕೆ, ಎಂದು ಕೇಳಿದಳು. ಹರಿಣಿ, ಸುಮ್ಮನೆ, ಎಂದಳು. ಏಪ್ರಿಲ್‌ನಲ್ಲಿ ಕಂಪನಿಯ ಪರವಾಗಿ ಹರಿಣಿಯ ವೀಸಾಕ್ಕೆ ಅರ್ಜಿ ಹಾಕಬೇಕಾದವಳು ಅದೇ ಲೊರೇನ್.

ಮನೆಗೆ ಬರುವಷ್ಟರಲ್ಲಿ ಮೂರನೆಯ ಶುಕ್ರವಾರದ ಪೂಜೆ ಮುಗಿದಿತ್ತು. ಸಿಂಕಿನಲ್ಲಿ ಪಂಚಪಾತ್ರೆ ಖಾಲಿಯಾಗಿ ಬೋರಲು ಬಿದ್ದಿತ್ತು. ಅತ್ತೆಯ ಸುತ್ತ ಚಕ್ಕುಲಿ ಒತ್ತುವವರು, ಬಳೆ ಜೋಡಿಸುವವರು. ಎರಡು ಸಲ ಹತ್ತಿರ ಹೋಗಿ "ಅತ್ತೆ" ಎಂದಳು. ಮೊದಲ ಸಲ ಕೈಗೆ ಚಕ್ಕುಲಿ ಬಂತು, ಎರಡನೆಯ ಸಲ ಕಾರಿನ ಕೀಲಿ: ಹೋಗಿ ವೀಳ್ಯದೆಲೆ ತರಬೇಕಂತೆ. ಕೊನೆಗೆ ತನಗೆ ಬರುವ ದಾರಿಯನ್ನೇ ಹಿಡಿದಳು. ಡೈರಿಯಿಂದ ಒಂದು ಹಾಳೆ ಹರಿದು, ಏಳು ಸಾಲು ಬರೆದು, ಮಡಿಸಿ, ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಸಿಗುವ ಹಾಗೆ ಅತ್ತೆಯ ಕನ್ನಡಕದ ಕೆಳಗಿಟ್ಟಳು.

ಬೆಳಿಗ್ಗೆ ಅತ್ತೆ ಏನೂ ಹೇಳಲಿಲ್ಲ. ಎಂಟಾಯಿತು, ಒಂಬತ್ತಾಯಿತು, ಜನ ಬರತೊಡಗಿದರು. ಓದಿಯೂ ಅತ್ತೆ ಇಷ್ಟು ನಿರಾಳವಾಗಿದ್ದಾರೆಂದರೆ ತನ್ನದೇ ಹೆದರಿಕೆ ಜಾಸ್ತಿಯಾಯಿತೇನೋ ಎಂದು ಹರಿಣಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಈಗ ಫ್ರಿಜ್ಜಿಗೆ ಒರಗಿ ನಿಂತವಳ ಕಣ್ಣು ದೇವರ ಮುಂದಿನ ತಟ್ಟೆಯ ಮೇಲೆ ಬಿತ್ತು. ವೀಳ್ಯದೆಲೆಯ ಪಕ್ಕದಲ್ಲಿ ಕುಂಕುಮದ ಪೊಟ್ಟಣ ಬಿಚ್ಚಿಕೊಂಡಿತ್ತು. ಗೆರೆ ಎಳೆದ ಕಾಗದ. ಕೆಂಪಿನ ನಡುವೆ ಅವಳದೇ ಅಕ್ಷರ. "ಅತ್ತೆ, ದಯವಿಟ್ಟು" ಎನ್ನುವವರೆಗೆ ಕಾಣುತ್ತಿತ್ತು. ಅದರಾಚೆಗೆ ಭಟ್ಟರು ಎರಡು ಬೆರಳಿಟ್ಟು ಕುಂಕುಮ ತೆಗೆಯುತ್ತಿದ್ದರು.

ಮಂಗಳಾರತಿಯಾಯಿತು. ಭಟ್ಟರು ಹರಿವಾಣದ ಪಂಚಾಮೃತವನ್ನು ಬೆಳ್ಳಿಯ ಬಟ್ಟಲಿಗೆ ಬಗ್ಗಿಸಿಕೊಂಡು ತುಳಸಿ ಹಾಕಿದರು. "ಮೊದಲು ಬಸುರಿ ಹೆಣ್ಣುಮಗಳಿಗೆ. ಬಾಮ್ಮ, ಕೈ ಒಡ್ಡು." ಆರತಿ ಹಸಿರು ಬಳೆಗಳನ್ನು ಮೊಣಕೈ ಕಡೆ ಸರಿಸಿ, ಸೆರಗಿನ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿದಳು. ಗುಂಪಿನಲ್ಲಿ ಹರಿಣಿಯನ್ನು ಹುಡುಕಿ ಕಣ್ಣು ಮಿಟುಕಿಸಿದಳು: ನೋಡು, ನನ್ನ ಕ್ರೇವಿಂಗ್.

"ಕುಡೀಬೇಡ," ಎಂದಳು ಹರಿಣಿ.

ಯಾರಿಗೂ ಕೇಳಲಿಲ್ಲ. ಉದ್ಧರಣೆ ಬಟ್ಟಲಲ್ಲಿ ಮುಳುಗಿ ಎದ್ದಿತು.

"ಆರತಿ, ಕುಡೀಬೇಡ!"

ಅದು ಅವಳ ದನಿಯೇ ಎಂದು ಅವಳಿಗೇ ಗೊತ್ತಾಗಲಿಲ್ಲ. ಮಕ್ಕಳ ಗಲಾಟೆ ಕೂಡ ನಿಂತಿತು. ಭಟ್ಟರ ಕೈ ನಿಂತಲ್ಲೇ ನಿಂತು, ಉದ್ಧರಣೆಯಿಂದ ಒಂದೊಂದೇ ಹನಿ ಬಟ್ಟಲಿಗೆ ಬೀಳುತ್ತಿತ್ತು.

"ಏನಾಯ್ತೇ?" ಎಂದರು ಅತ್ತೆ.

"ಅದು ಬಿಡ್ತಿದೆ ಅತ್ತೆ. ಕೃಷ್ಣಂಗೆ ಹಚ್ಚಿದ್ದು. ಮೊಸರಿನ ಹುಳಿಗೆ ಬಿಡ್ತಿದೆ. ತೀರ್ಥದಲ್ಲಿದೆ." ಉಸಿರು ಸಾಲದೆ ನಿಲ್ಲಿಸಿ ಮತ್ತೆ ಹೇಳಿದಳು, "ಹೊಟ್ಟೆಗೆ ಹೋದ್ರೆ ಏನಾಗತ್ತೆ ಅಂತ ಯಾರೂ ಟೆಸ್ಟ್ ಮಾಡಿಲ್ಲ. ನಿನ್ನೆ ಸಂಜೆ ಗೊತ್ತಾಯ್ತು. ಚೀಟಿ ಬರೆದಿಟ್ಟಿದ್ದೆ."

"ಯಾವ ಚೀಟಿ?"

ಹರಿಣಿ ತಟ್ಟೆಯ ಕಡೆ ಕೈ ತೋರಿಸಿದಳು. ಅತ್ತೆ ಕುಂಕುಮವನ್ನು ನೋಡಿದರು, ಕಾಗದವನ್ನು ನೋಡಿದರು. "ಕನ್ನಡಕ ಹಾಕ್ಕೊಂಡಿರ್ಲಿಲ್ಲ, ಯಾವ್ದೋ ಖಾಲಿ ಕಾಗದ ಅಂದ್ಕೊಂಡೆ," ಎಂದರು, ಯಾರಿಗೆ ಹೇಳಿದರೋ.

"ಒಂದ್ನಿಮಿಷ," ಪ್ರತಾಪ್ ಮಣೆಯಿಂದ ಎದ್ದ. "ಮೂರು ವಾರದಿಂದ ಆರತಿ ಇದನ್ನ ಕುಡೀತಿದಾಳೆ. ನಿನ್ನೆ ಸಂಜೆ ಗೊತ್ತಾಗಿದೆ, ಈಗ ಹೇಳ್ತಿದ್ಯಾ? ಬಾಯಿರ್ಲಿಲ್ವಾ ನಿಂಗೆ? ಏನು, ನಾವೆಲ್ಲ ನಿಮ್ಮ ಲ್ಯಾಬಿನ ಇಲಿಗಳಾ?"

ಅವನು ಕೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಆರತಿ ಚಾಚಿದ ಅಂಗೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. "ಏನಾಗತ್ತೆ ಹರಿಣಿ? ಪಾಪುಗೆ ಏನಾದ್ರೂ ಆಗತ್ತಾ?"

ಏನೂ ಆಗಲ್ಲ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಗೊತ್ತಿಲ್ಲ," ಎಂದಳು ಹರಿಣಿ. "ನನಗೆ ನಿಜವಾಗ್ಲೂ ಗೊತ್ತಿಲ್ಲ ಆರತಿ."

ಆರತಿ ಕೈ ಮುಚ್ಚಿ ಹೊಟ್ಟೆಯ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಶಾಂತಾಬಾಯಿ ಎದ್ದು ಬಂದರು. ಧಾರವಾಡದ ಕಡೆಯವರು, ಪಕ್ಕದ ಓಣಿಯಲ್ಲೇ ಮನೆ. ಮೂವತ್ತು ವರ್ಷದಿಂದ ಇದೇ ಊರಿನಲ್ಲಿ ಮಕ್ಕಳ ಡಾಕ್ಟರು.

"ಸರೀರಿ ಸ್ವಲ್ಪ, ಕೂಸಿಗೆ ಗಾಳಿ ಬಿಡ್ರಿ. ಪ್ರತಾಪ, ನೀ ಮೊದಲ ಆ ಫೋನ್ ಕೆಳಗಿಡು." ಆರತಿಯ ಪಕ್ಕ ನೆಲಕ್ಕೇ ಕೂತು, ಅವಳ ಮಣಿಕಟ್ಟು ಹಿಡಿದುಕೊಂಡರು. "ಎಷ್ಟ ಚಮಚ ಕುಡದಿ? ಹೊಟ್ಟಿ ನೋವು, ವಾಂತಿ ಏನರ? ಇಲ್ಲ? ಹೊಟ್ಯಾಗ ಕೂಸು ಆಡಲಿಕ್ಕತ್ತದಲ್ಲ? ಭೇಷಾತು." ತಿರುಗಿ ಹರಿಣಿಯನ್ನು ನೋಡಿದರು. "ಏನೂ ಆಗಲಿಕ್ಕಿಲ್ಲ ಅಂತ ನನಗ ಅನಸ್ತದ. ಆದ್ರ ಅನಸೋದು ಬ್ಯಾರೆ, ಗೊತ್ತಿರೋದು ಬ್ಯಾರೆ. ಈಕಿ ಡಾಕ್ಟರಿಗೆ ಈಗಿಂದೀಗ ಫೋನ್ ಮಾಡೋಣ. ಅದರಾಗ ಏನೇನದ, ಎಂದೆಂದ ಎಷ್ಟೆಷ್ಟ ಕುಡದಾಳ, ಎಲ್ಲಾ ಬರದ ಕೊಡ್ತೀಯೇನವಾ?"

ಹರಿಣಿ ಒಳಗೆ ಹೋಗಿ ಡೈರಿ ತಂದಳು. ಅಡುಗೆಕಟ್ಟೆಯ ಮೇಲೆ ಬರೆದಳು. ಡೈರಿಯಲ್ಲಿ ಎಲ್ಲ ಇತ್ತು: ಮೊದಲ ಶುಕ್ರವಾರ ಮೂರು ಉದ್ಧರಣೆ, ಎರಡನೆಯದರಲ್ಲಿ ನಾಲ್ಕು, "ಆರತಿ ಇವತ್ತು ಬೆಕ್ಕಿನ ಹಾಗೆ ಕೈ ನೆಕ್ಕಿದಳು" ಎಂದೂ ಕೂಡ. ನಿನ್ನೆಯದನ್ನು ಮಾತ್ರ ಆರತಿಯನ್ನೇ ಕೇಳಿ ಸೇರಿಸಿದಳು. ಲೇಪದಲ್ಲಿ ಏನಿದೆ ಎಂಬುದನ್ನು ಕಂಪನಿಯ ಹೊರಗೆ ಹೇಳುವಂತಿರಲಿಲ್ಲ, ತಿಳಿದಷ್ಟೂ ಬರೆದಳು. ಕೊನೆಯಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಲೊರೇನಳ ಹೆಸರು, ಅವಳ ಫೋನ್ ನಂಬರು. ಹೆಚ್ಚಿನ ವಿವರಕ್ಕೆ ಇವರನ್ನು ಕೇಳಿ. ಹಾಳೆಯನ್ನು ಶಾಂತಾಬಾಯಿಯ ಕೈಗೆ ಕೊಟ್ಟಳು.

ತ್ಯಾಗರಾಜ ಭಟ್ಟರು ಇಷ್ಟು ಹೊತ್ತೂ ಉದ್ಧರಣೆ ಹಿಡಿದು ಕೂತೇ ಇದ್ದರು. ವಾರದ ಐದು ದಿನ ಅವರು ಬ್ಯಾಂಕೊಂದರ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದವರು. ಪೌರೋಹಿತ್ಯ ಶನಿವಾರ, ಭಾನುವಾರಕ್ಕೆ.

"ಟೆಸ್ಟ್ ಮಾಡ್ದೆ ಪ್ರೊಡಕ್ಷನ್‌ಗೆ ಬಿಟ್ಬಿಟ್ಯಲ್ಲಮ್ಮ," ಎಂದರು. ಯಾರೋ ಮೆತ್ತಗೆ ನಕ್ಕರು. "ಆಗೋಗತ್ತೆ. ನಮ್ಮಲ್ಲೂ ಆಗತ್ತೆ. ರಾಜಲಕ್ಷ್ಮಿಯವರೇ, ಒಂದು ಗೋಟಡಿಕೆ ಕೊಡಿ, ಕೃಷ್ಣನ್ನ ಅದಕ್ಕೇ ಆವಾಹನೆ ಮಾಡ್ತೀನಿ. ಹತ್ತು ನಿಮಿಷ." ಹರಿಣಿಯ ಕಡೆ ನೋಡಿ, "ಅಡಿಕೆಗೇನೂ ಹಚ್ಚಿಲ್ಲ ತಾನೆ?"

"ಇಲ್ಲ ಅಂಕಲ್," ಎಂದಳು ಹರಿಣಿ, ಅಳು ಬರುವಷ್ಟು ಗಂಭೀರವಾಗಿ.

ಒಂದು ಅಡಿಕೆಯ ಮೇಲೆ ಹೊಸ ಹಾಲು, ಹೊಸ ಬಟ್ಟಲಿನ ಮೊಸರು ಬಿತ್ತು. ಅಡಿಕೆ ಎಲ್ಲವನ್ನೂ ಹಚ್ಚಿಕೊಂಡು ಬೆಳ್ಳಗೆ ಕೂತಿತು. ಮತ್ತೆ ತೀರ್ಥ ಬಂದಾಗ ಆರತಿ ಕೈ ಒಡ್ಡುವ ಮುಂಚೆ ಹರಿಣಿಯ ಮುಖ ನೋಡಿದಳು. ಈ ಸಲ ಕಣ್ಣು ಮಿಟುಕಿಸಲಿಲ್ಲ. ಹರಿಣಿ ತಲೆಯಾಡಿಸಿದಳು. ಆರತಿ ಒಂದೇ ಉದ್ಧರಣೆ ಕುಡಿದು, ಕೈಯನ್ನು ನೆತ್ತಿಗೆ ಒರೆಸಿಕೊಂಡಳು. ಎರಡನೆಯದು ಕೇಳಲಿಲ್ಲ.

ಊಟವಾಯಿತು, ಆದರೆ ಹರಟೆ ಕಾವೇರಲಿಲ್ಲ. ಫೋನಿನಲ್ಲಿ ಡಾಕ್ಟರು ಸೋಮವಾರ ಬೆಳಿಗ್ಗೆ ಆ ಹಾಳೆಯ ಸಮೇತ ಬರಲು ಹೇಳಿದ್ದರು. ಪ್ರತಾಪ್ ಹೊರಡುವಾಗ ಹರಿಣಿಯ ಪಕ್ಕದಲ್ಲೇ ನಡೆದು ಹೋದರೂ ಅವಳ ಕಡೆ ನೋಡಲಿಲ್ಲ. ಆರತಿ ಕಾರು ಹತ್ತುವ ಮುಂಚೆ ಹಿಂತಿರುಗಿ ಬಂದು, "ಸೋಮವಾರ ನೀನೂ ಬಾ. ಅವರು ಕೇಳಿದ್ದಕ್ಕೆ ನಂಗೆ ಹೇಳೋಕೆ ಬರಲ್ಲ," ಎಂದಷ್ಟೇ ಹೇಳಿ ಹೋದಳು.

ನಾಲ್ಕು ಗಂಟೆಯ ಬಿಸಿಲು ಅಡುಗೆಮನೆಯ ಕಿಟಕಿಗೆ ಬಿದ್ದಿತ್ತು. ಅತ್ತೆ ಮೊದಲನೆಯ ಸಲದ ತೀರ್ಥದ ಬಟ್ಟಲು ಹಿಡಿದು ಹಿತ್ತಿಲ ಬಾಗಿಲು ತೆಗೆದರು. ಮೆಟ್ಟಿಲ ಪಕ್ಕದಲ್ಲಿ ಕುಂಡದ ತುಳಸಿ.

"ಅತ್ತೆ, ತುಳಸಿಗೂ ಬೇಡ."

"ಮತ್ತೆ ಸಿಂಕಿಗಾ? ತೀರ್ಥ ಕಣೇ ಅದು."

"ಸಿಂಕಿಗೂ ಬೇಡ."

"ಎಲ್ಲಿ ಚೆಲ್ಲಲಿ ಹಾಗಿದ್ರೆ? ಹೇಳು, ನಿಂಗೆ ಗೊತ್ತಲ್ಲ." ಅತ್ತೆಯ ದನಿಯಲ್ಲಿ ಸಿಟ್ಟಿತ್ತೋ ಬರೀ ದಣಿವಿತ್ತೋ. ಹರಿಣಿ ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯೊಂದನ್ನು ತಂದು ತೀರ್ಥವನ್ನು ಅದಕ್ಕೆ ಬಗ್ಗಿಸಿದಳು. ಮುಚ್ಚಳ ಬಿಗಿದು, ಕಾಗದ ಅಂಟಿಸಿ, ತಾರೀಖು ಹಾಕಿ, "ಕುಡಿಯಬಾರದು" ಎಂದು ದಪ್ಪಗೆ ಬರೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತುಳಸಿಯ ಎಲೆ ಅದರೊಳಗೆ ತೇಲುತ್ತಿತ್ತು.

ಅತ್ತೆ ಕೃಷ್ಣನನ್ನು ಒಂದು ಬೋಗುಣಿಯಲ್ಲಿಟ್ಟುಕೊಂಡು ಕೂತರು. ಮೂರು ವಾರದಿಂದ ಮುಚ್ಚಿಟ್ಟಿದ್ದ ಡಬ್ಬಿ ತೆಗೆದು, ಹುಣಿಸೇಹಣ್ಣು ನೆನೆಸಿ, ಉಂಡೆ ಮಾಡಿದರು. ನೀರು ಹನಿಸಿದರು. ನೀರು ಉರುಳಿಹೋಯಿತು. ಮತ್ತೆ ಹನಿಸಿದರು.

"ಇಪ್ಪತ್ತು ವರ್ಷ ನನ್ನ ಕೈಲಿ ಸ್ನಾನ ಮಾಡಿಸ್ಕೊಂಡ," ಎಂದರು. "ಈಗ ಮೈಗೆ ನೀರೇ ಸೋಕಿಸ್ಕೊಳಲ್ಲ."

"ಬರಿಗೈಯಲ್ಲಿ ತಿಕ್ಕಬೇಡಿ ಅತ್ತೆ." ಹರಿಣಿ ಲ್ಯಾಬಿನ ನೀಲಿ ಕೈಗವಸಿನ ಜೋಡಿಯೊಂದನ್ನು ಚಾಚಿದಳು.

ಅತ್ತೆ ಕೈಗವಸನ್ನು ನೋಡಿದರು. "ಮಗೂಗೆ ನೀರು ಹಾಕೋಕೆ ಇದನ್ನ ಹಾಕ್ಕೋಬೇಕಾ ನಾನು?"

ಹರಿಣಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತುಸು ಹೊತ್ತಿನ ಮೇಲೆ ಅತ್ತೆ ಹುಣಿಸೇಹಣ್ಣಿನ ಉಂಡೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬಳೆಗಾರನ ಮುಂದೆ ಒಡ್ಡುವ ಹಾಗೆ ಎರಡೂ ಕೈ ಮುಂದೆ ಒಡ್ಡಿದರು. ಹರಿಣಿ ಎದುರಿಗೆ ಮಂಡಿಯೂರಿ ಕೂತು, ಮೊದಲು ಎಡಗೈಗೆ, ಆಮೇಲೆ ನೋಯುವ ಬಲಗೈಗೆ, ಬೆಳಿಗ್ಗೆ ತೊಟ್ಟ ಹಸಿರು ಬಳೆಗಳು ಒಡೆಯದ ಹಾಗೆ, ಒಂದೊಂದೇ ಬೆರಳು ಬಿಡಿಸಿ ಕೈಗವಸು ತೊಡಿಸಿದಳು. ತನಗೂ ಒಂದು ಜೋಡಿ ಹಾಕಿಕೊಂಡಳು. ಬೋಗುಣಿಯಲ್ಲಿ ಕೃಷ್ಣ ಒಂದು ಮೊಣಕಾಲು ಮುಂದಿಟ್ಟುಕೊಂಡು ಕಾದಿದ್ದ; ಅವನ ಬೆನ್ನ ಮೇಲಿಂದ ನೀರು ಇನ್ನೂ ಮಣಿಮಣಿಯಾಗಿ ಉರುಳುತ್ತಿತ್ತು.